ಬರೆಯುವ ಕೈ, ಹಿಡಿಯುವ ಕೈ

1909ರ ನವೆಂಬರ್ ತಿಂಗಳು. ಲಂಡನ್ನಿನಿಂದ ದಕ್ಷಿಣ ಆಫ್ರಿಕಕ್ಕೆ ಹೊರಟಿದ್ದ ಕಿಲ್ಡೋನನ್ ಕ್ಯಾಸಲ್ ಎಂಬ ಹಡಗಿನಲ್ಲಿ ಗಾಂಧೀಜಿ ಒಂದೇ ಸಮನೆ ಬರೆಯುತ್ತಿದ್ದರು. ಕಾಗದ ಹಡಗಿನವರದು, ಭಾಷೆ ಗುಜರಾತಿ. ಹದಿಮೂರನೇ ತಾರೀಕು ಹಿಡಿದ ಲೇಖನಿಯನ್ನು ಕೆಳಗಿಟ್ಟದ್ದು ಇಪ್ಪತ್ತೆರಡಕ್ಕೆ. ಅಷ್ಟು ಹೊತ್ತಿಗೆ 275 ಪುಟಗಳ ಹಸ್ತಪ್ರತಿ ಸಿದ್ಧವಾಗಿತ್ತು. ಅದು ‘ಹಿಂದ್ ಸ್ವರಾಜ್’. ಆ ಪುಸ್ತಕದ ವಿಚಾರಗಳ ಮೇಲೆ ನೂರು ವರ್ಷಗಳಿಂದ ಚರ್ಚೆ ನಡೆದಿದೆ, ಇನ್ನೂ ನಡೆಯುತ್ತದೆ. ಇವತ್ತು ನಾನು ನಿಮ್ಮ ಗಮನ ಸೆಳೆಯಬೇಕೆಂದಿರುವುದು ಆ ಹಸ್ತಪ್ರತಿಯ ಸುಮಾರು 40 ಪುಟಗಳ ಕಡೆಗೆ. ಆ ಪುಟಗಳನ್ನು ಗಾಂಧೀಜಿ ಎಡಗೈಯಲ್ಲಿ ಬರೆದರು. ಬಲಗೈ ಸೋತಿತು, ಮನಸ್ಸಿನ ಓಟ ನಿಲ್ಲಲಿಲ್ಲ. ಲೇಖನಿ ಈ ಕೈಯಿಂದ ಆ ಕೈಗೆ ದಾಟಿತು, ಅಷ್ಟೇ. ಮುಂದಿನ ವರ್ಷಗಳಲ್ಲೂ ಬಲಗೈ ನೋಯುವಾಗ ಅವರು ಎಡಗೈಯಲ್ಲಿ ಪತ್ರ ಬರೆಯುತ್ತಿದ್ದರು.

ನಮ್ಮಲ್ಲಿ ಹೆಚ್ಚಿನವರು ಜೀವಮಾನದಲ್ಲಿ ಒಮ್ಮೆಯೂ ಎಡಗೈಯಲ್ಲಿ ಒಂದು ಸಾಲು ಬರೆದವರಲ್ಲ. ಬಲಗೈಗೆ ಪೆಟ್ಟು ಬೀಳುವವರೆಗೆ ಆ ಯೋಚನೆಯೇ ಬರುವುದಿಲ್ಲ. ಇಂಗ್ಲಿಷ್ ನೌಕಾಪಡೆಯ ನೆಲ್ಸನ್ 1797ರಲ್ಲಿ ಬಲಗೈ ಕಳೆದುಕೊಂಡ ಮೇಲೆ ಎಡಗೈಯಲ್ಲಿ ಬರೆಯಲು ಕಲಿತರು. ಮೊದಲ ಮಹಾಯುದ್ಧದಲ್ಲಿ ಬಲತೋಳು ಹೋದ ಪಿಯಾನೊ ವಾದಕ ಪಾಲ್ ವಿಟ್‌ಗೆನ್‌ಸ್ಟೈನ್ ಎಡಗೈ ಒಂದರಿಂದಲೇ ಕಛೇರಿ ಮಾಡಿದರು. ಅವರಿಗಾಗಿ ಫ್ರಾನ್ಸಿನ ರವೆಲ್ ರಚಿಸಿದ ಎಡಗೈ ಕೃತಿಯ ಮೊದಲ ಕಛೇರಿ 1932ರಲ್ಲಿ ವಿಯೆನ್ನಾದಲ್ಲಿ ನಡೆಯಿತು.

ಇವರಲ್ಲಿ ನನ್ನನ್ನು ಬಹಳ ಕಾಡಿದವರು ಹಂಗೆರಿಯ ಕಾರೋಯ್ ಟಕಾಚ್. ಸೈನ್ಯದಲ್ಲಿದ್ದವರು, ಪಿಸ್ತೂಲು ಗುರಿಯಲ್ಲಿ ದೇಶಕ್ಕೇ ಹೆಸರಾದವರು. 1938ರಲ್ಲಿ ಸೈನ್ಯದ ತರಬೇತಿ ನಡೆಯುತ್ತಿದ್ದಾಗ ಕೈಬಾಂಬೊಂದು ಅವರ ಬಲಗೈಯಲ್ಲೇ ಸಿಡಿಯಿತು. ಗುರಿ ಹಿಡಿಯುತ್ತಿದ್ದ ಕೈ ಅದು. ಆಸ್ಪತ್ರೆಯಿಂದ ಹೊರಬಂದ ಟಕಾಚ್ ಯಾರಿಗೂ ಹೇಳದೆ ಎಡಗೈಯಲ್ಲಿ ಅಭ್ಯಾಸ ಶುರುಮಾಡಿದರು. ಮರುವರ್ಷವೇ ಹಂಗೆರಿಯ ರಾಷ್ಟ್ರೀಯ ಸ್ಪರ್ಧೆ ಗೆದ್ದರು. ಆಮೇಲೆ ಮಹಾಯುದ್ಧ ಬಂತು. 1940ರ ಮತ್ತು 1944ರ ಒಲಿಂಪಿಕ್ಸ್ ನಡೆಯಲೇ ಇಲ್ಲ. 1948ರಲ್ಲಿ ಲಂಡನ್ನಿಗೆ ಹೋದಾಗ ಅವರಿಗೆ 38 ವರ್ಷ. ಇಪ್ಪತ್ತೈದು ಮೀಟರ್ ರ‍್ಯಾಪಿಡ್ ಫೈರ್ ಪಿಸ್ತೂಲ್ ಸ್ಪರ್ಧೆಯಲ್ಲಿ 580 ಅಂಕದ ವಿಶ್ವದಾಖಲೆಯೊಂದಿಗೆ ಚಿನ್ನ ಗೆದ್ದರು. 1952ರಲ್ಲಿ ಹೆಲ್ಸಿಂಕಿಯಲ್ಲಿ ಮತ್ತೆ ಅದೇ ಚಿನ್ನ.

ಬಲಗೈ ಹೋದ ಒಂದೇ ವರ್ಷದಲ್ಲಿ ಎಡಗೈಯಲ್ಲಿ ರಾಷ್ಟ್ರೀಯ ಸ್ಪರ್ಧೆ ಗೆಲ್ಲುವುದು ಹೇಗೆ ಸಾಧ್ಯವಾಯಿತು? ಛಲ ಎಂದು ಹೇಳಿ ಸುಮ್ಮನಾಗಬಹುದು. ನನಗೆ ಆ ಉತ್ತರ ಸಾಲದು. ಗುರಿ ಹಿಡಿಯುವವನ ವಿದ್ಯೆ ಇರುವುದು ಬರೀ ಬೆರಳ ತುದಿಯಲ್ಲಲ್ಲ. ನಿಲ್ಲುವ ಭಂಗಿ, ಉಸಿರು ಬಿಗಿಹಿಡಿಯುವ ಗಳಿಗೆ, ಕುದುರೆ ಎಳೆಯುವಾಗ ಮಣಿಕಟ್ಟು ಕದಲದ ಹಾಗೆ ತಡೆಯುವ ಸಂಯಮ, ಇವೆಲ್ಲ ಇಡೀ ದೇಹದ ಗಳಿಕೆ. ಕೈ ಹೋದರೂ ಆ ಗಳಿಕೆ ಉಳಿದಿತ್ತು. ಒಂದು ಕೈ ಕಲಿತದ್ದರಲ್ಲಿ ಸ್ವಲ್ಪ ಪಾಲು ಇನ್ನೊಂದು ಕೈಗೂ ಸಲ್ಲುತ್ತದೆಂದು ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಸ್ಕ್ರಿಪ್ಚರ್ ಮತ್ತು ಅವರ ಜೊತೆಗಾರರು 1894ರಷ್ಟು ಹಿಂದೆಯೇ ತೋರಿಸಿದ್ದರು. ಒಂದು ಕೈಗೆ ಮಾತ್ರ ಕಸರತ್ತು ಕೊಟ್ಟರೆ ಸುಮ್ಮನಿದ್ದ ಕೈಯ ಬಲವೂ ತುಸು ಏರುತ್ತದೆ. ಕೈ ಮುರಿದು ಪಟ್ಟಿ ಹಾಕಿಸಿಕೊಂಡವರಿಗೆ ಇನ್ನೊಂದು ಕೈಗೆ ವ್ಯಾಯಾಮ ಮಾಡಿಸುವುದರ ಹಿಂದೆ ಈ ತಿಳಿವಳಿಕೆ ಇದೆ.

ಇವರೆಲ್ಲ ವಿಧಿಯಿಲ್ಲದೆ ಕೈ ಬದಲಿಸಿದವರು. ಯಾವ ಅಪಘಾತವೂ ಆಗದೆ, ಯಾರ ಒತ್ತಾಯವೂ ಇಲ್ಲದೆ, ತಾನಾಗಿ ಹಟ ತೊಟ್ಟು ಇನ್ನೊಂದು ಕೈಯನ್ನು ಪಳಗಿಸಲು ಹೊರಟರೆ ಸಿಗುವುದೇನು? ಕೆಲವು ಕಾಲದಿಂದ ನಾನು ಈ ಅಭ್ಯಾಸದಲ್ಲಿದ್ದೇನೆ. ಅದಕ್ಕೆ ನನ್ನನ್ನು ಹಚ್ಚಿದವರು ನಮ್ಮ ಸೋದರತ್ತೆ.

ಅತ್ತೆಯ ಮನೆ ತೀರ್ಥಹಳ್ಳಿ ಕಡೆ. ಮಳೆಗಾಲದಲ್ಲಿ ಪಾಚಿ ಕಟ್ಟಿದ ಅಂಗಳದಲ್ಲಿ ಜಾರಿ ಬಿದ್ದು ಬಲಗೈ ಮಣಿಕಟ್ಟು ಮುರಿದುಕೊಂಡಿದ್ದರು. ಪ್ಲಾಸ್ಟರ್ ಹಾಕಿದ್ದರು. ನೋಡಲು ಹೋದವನು ಬೆಳಗ್ಗೆ ಎದ್ದು ನೋಡುತ್ತೇನೆ, ಅತ್ತೆ ತುಳಸಿಕಟ್ಟೆಯ ಮುಂದೆ ಎಡಗೈಯಲ್ಲಿ ರಂಗೋಲಿ ಬಟ್ಟಲು ಹಿಡಿದು ನಿಂತಿದ್ದಾರೆ.

“ಅತ್ತೆ, ಪ್ಲಾಸ್ಟರ್ ಬಿಚ್ಚೋವರೆಗೆ ರಂಗೋಲಿ ಮಕ್ಕಳು ಹಾಕ್ತಾರೆ ಬಿಡಿ, ನೀವು ಕೂತ್ಕೊಳ್ಳಿ” ಅಂದೆ.

“ಅವರು ಹಾಕಿದ್ರೆ ಅವರ ರಂಗೋಲಿ ಆಯ್ತು ಕಣೋ. ನನಗೆ ಇನ್ನೊಂದು ಕೈ ಇದೆಯಲ್ಲ, ಅದಕ್ಕೇನು ಕೆಲಸ?” ಅಂದರು.

ರಂಗೋಲಿ ಎಳೆಯುವುದನ್ನು ನಾವು ದಿನಾ ನೋಡುತ್ತೇವೆ, ಆದರೆ ಬೆರಳನ್ನು ನೋಡುವುದಿಲ್ಲ. ಚಿಟಿಕೆಯಲ್ಲಿ ಹಿಡಿದ ಪುಡಿ ಹೆಬ್ಬೆರಳು ಮತ್ತು ತೋರುಬೆರಳ ಸಂದಿನಿಂದ ಇಳಿಯಬೇಕು. ಹೆಬ್ಬೆರಳು ತೋರುಬೆರಳ ಮೇಲೆ ಕೂದಲೆಳೆಯಷ್ಟು ಜಾರುತ್ತಿರಬೇಕು. ಅದೇ ಹೊತ್ತಿಗೆ ಮಣಿಕಟ್ಟು ಎಳೆಯ ದಾರಿಯಲ್ಲಿ ಸಾಗುತ್ತಿರಬೇಕು. ಬೆರಳು ನಿಧಾನಿಸಿದರೆ ಎಳೆ ಕಡಿಯುತ್ತದೆ, ಮಣಿಕಟ್ಟು ನಿಧಾನಿಸಿದರೆ ಎಳೆ ದಪ್ಪವಾಗುತ್ತದೆ. ಅತ್ತೆಯ ಎಡಗೈ ಹೆಬ್ಬೆರಳಿಗೆ ಈ ಜಾರುವಿಕೆ ತಿಳಿದಿರಲಿಲ್ಲ. ಅದು ಬಿಗಿಯಾಗಿ ಹಿಡಿದುಕೊಳ್ಳುತ್ತಿತ್ತು, ಇಲ್ಲವೇ ಪೂರ್ತಿ ಬಿಟ್ಟುಬಿಡುತ್ತಿತ್ತು. ನೆಲದ ಮೇಲೆ ಪುಡಿಯ ಗುಪ್ಪೆಗಳು ಬಿದ್ದವು. ಅತ್ತೆ ಅದನ್ನು ಒರೆಸಿ ಮೊದಲು ಬರೀ ಚುಕ್ಕಿ ಇಟ್ಟರು. ಕೆಲವು ದಿನ ಚುಕ್ಕಿಯೇ. ಆಮೇಲೆ ಚುಕ್ಕಿಯಿಂದ ಚುಕ್ಕಿಗೆ ನೇರ ಗೆರೆ. ಸುತ್ತುಬಳ್ಳಿಯ ಬಾಗು ಬಂದದ್ದು ಕಟ್ಟಕಡೆಗೆ. ಯಾರೂ ಹೇಳಿಕೊಟ್ಟದ್ದಲ್ಲ, ಮಗುವಿಗೆ ರಂಗೋಲಿ ಕಲಿಸುವ ಕ್ರಮವನ್ನೇ ಅವರು ತಮ್ಮ ಎಡಗೈಗೆ ಅನ್ವಯಿಸಿದರು.

ಒಂದು ದಿನ ಫೋನಿನಲ್ಲಿ ಅತ್ತೆ ಹೇಳಿದ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿತು: “ಪುಡಿ ಬಿಡೋದು ಬಂತು ಕಣೋ. ಆದರೆ ಬಟ್ಟಲು ಹಿಡಿಯೋರೇ ಇಲ್ಲ.” ಇಷ್ಟು ವರ್ಷ ಎಡಗೈ ಬಟ್ಟಲನ್ನು ಹಿಡಿದು, ಬಲಗೈ ಎಲ್ಲಿಗೆ ಹೋದರೆ ಅಲ್ಲಿಗೆ ಹಿಂಬಾಲಿಸಿ, ಚಿಟಿಕೆಗೆ ಸಿಗುವ ಎತ್ತರದಲ್ಲಿ ಒಡ್ಡುತ್ತಿತ್ತು. ಎಡಗೈ ರಂಗೋಲಿ ಎಳೆಯಲು ಹೊರಟಾಗ ಆ ಕೆಲಸಕ್ಕೆ ಯಾರೂ ಉಳಿಯಲಿಲ್ಲ. ಪ್ರತಿ ಚಿಟಿಕೆಗೂ ನೆಲದ ಮೇಲಿಟ್ಟ ಬಟ್ಟಲಿಗೆ ಬಗ್ಗಬೇಕು. ಅದರಿಂದ ಅವರ ಸೊಂಟ ನೋಯುತ್ತಿತ್ತು.

ಅಷ್ಟರಲ್ಲಿ ಊರಿಗೆ ಬಂದಿದ್ದ ನಾನೂ ಎಡಗೈಯಲ್ಲಿ ಕನ್ನಡ ಬರೆಯಲು ಕೂತೆ. ಅಕ್ಷರ ಸೊಟ್ಟಗಾಗುವುದು ನಿರೀಕ್ಷಿತವೇ. ಕನ್ನಡದ ಸಾಲು ಎಡದಿಂದ ಬಲಕ್ಕೆ ಹೋಗುತ್ತದೆ. ಬಲಗೈ ಪೆನ್ನನ್ನು ಎಳೆದುಕೊಂಡು ಹೋದರೆ ಎಡಗೈ ಅದನ್ನು ತಳ್ಳಿಕೊಂಡು ಹೋಗಬೇಕು. ನಿಬ್ಬು ಕಾಗದಕ್ಕೆ ಚುಚ್ಚುತ್ತದೆ, ಬರೆದದ್ದನ್ನು ಕೈಯೇ ಮುಚ್ಚುತ್ತದೆ, ಶಾಯಿ ಅಂಗೈಗೆ ಮೆತ್ತುತ್ತದೆ. ತಲಕಟ್ಟಿನ ಕೊನೆಯ ಮೇಲ್ಮುಖ ಗೀಟು ಬಹಳ ಕಾಡುತ್ತದೆ. ದುಂಡಕ್ಷರಗಳನ್ನು ಎಡಗೈ ತಿರುವುಮುರುವಾಗಿ ಸುತ್ತಲು ನೋಡುತ್ತದೆ, ಕನ್ನಡಿಯಲ್ಲಿ ಕಂಡಂತೆ ಬರೆಯುವುದೇ ಅದಕ್ಕೆ ಸಲೀಸು. ಲಿಯೊನಾರ್ಡೊ ಡ ವಿಂಚಿ ಎಡಗೈಯವರು. ತಮ್ಮ ಟಿಪ್ಪಣಿ ಪುಸ್ತಕಗಳನ್ನು ತುಂಬಿಸಿದ್ದು ಬಲದಿಂದ ಎಡಕ್ಕೆ ಸಾಗುವ ಅಂಥ ಕನ್ನಡಿ ಬರಹದಲ್ಲಿ.

ನಾನು ನಿರೀಕ್ಷಿಸದೇ ಇದ್ದದ್ದು ಬೇರೆ. ಕಾಗದ ನಿಲ್ಲುತ್ತಿರಲಿಲ್ಲ. ಎಡಗೈ ಸಾಲಿನ ಅರ್ಧಕ್ಕೆ ಬರುವಷ್ಟರಲ್ಲಿ ಕಾಗದ ವಾರೆಯಾಗುತ್ತಿತ್ತು. ನೋಡಿದರೆ ನನ್ನ ಬಲಗೈ ಮೇಜಿನ ಮೇಲೆ ಸುಮ್ಮನೆ ಬಿದ್ದುಕೊಂಡಿತ್ತು, ಇಲ್ಲವೇ ಕಾಗದವನ್ನು ಅಗತ್ಯಕ್ಕಿಂತ ಬಲವಾಗಿ ಅದುಮುತ್ತಿತ್ತು. ಹಿಡಿಯುವುದು ಅದಕ್ಕೆ ಗೊತ್ತಿರಲಿಲ್ಲ. ಐವತ್ತು ವರ್ಷ ಬರೆದ ಕೈಗೆ ಕಾಗದ ಹಿಡಿಯಲು ಬಾರದು!

ಫ್ರಾನ್ಸಿನ ಈವ್ ಗಿಯಾರ್ ಎಂಬ ವಿಜ್ಞಾನಿ 1987ರಲ್ಲಿ ಎರಡು ಕೈಗಳ ಈ ಕೆಲಸ ಹಂಚಿಕೆಯ ಮೇಲೆ ಒಂದು ಲೇಖನ ಪ್ರಕಟಿಸಿದರು. ಅವರ ಪ್ರಯೋಗ ಬಹಳ ಸರಳ. ಬರೆಯುವ ಹಾಳೆಯ ಕೆಳಗೆ, ಬರೆಯುವವರ ಗಮನಕ್ಕೆ ಬಾರದಂತೆ, ಕಾರ್ಬನ್ ಕಾಗದ ಇಟ್ಟು ಪೂರ್ತಿ ಪುಟ ಬರೆಸಿದರು. ಮೇಲಿನ ಹಾಳೆಯಲ್ಲಿ ಬರಹ ಪುಟದ ತುಂಬ ಇದೆ. ಮೇಜಿಗೆ ಅಂಟಿದ ಕೆಳಗಿನ ಹಾಳೆಯಲ್ಲಿ ಮಾತ್ರ ಬರಹವೆಲ್ಲ ಚಿಕ್ಕ ಜಾಗದಲ್ಲಿ ಸಾಲಿನ ಮೇಲೆ ಸಾಲಾಗಿ ಒತ್ತೊತ್ತಿ ಬಿದ್ದಿದೆ. ಅಂದರೆ ಬಲಗೈ ಮೇಜಿನ ಮೇಲೆ ಹೆಚ್ಚುಕಡಿಮೆ ಒಂದೇ ಜಾಗದಲ್ಲಿದ್ದು ಬರೆದಿದೆ. ಪುಟವನ್ನು ಸ್ವಲ್ಪ ಸ್ವಲ್ಪವೇ ಮೇಲಕ್ಕೆ ಸರಿಸಿ ಕೊಟ್ಟದ್ದು ಎಡಗೈ. ಬಲಗೈಯವರು ಎರಡೂ ಕೈಯಿಂದ ಮಾಡುವ ಕೆಲಸಗಳಲ್ಲಿ ಎಡಗೈ ಮೊದಲು ಚಲಿಸಿ ಜಾಗ ಸಿದ್ಧಮಾಡುತ್ತದೆ, ಬಲಗೈ ಆ ಜಾಗದೊಳಗೆ ತನ್ನ ಸೂಕ್ಷ್ಮ ಕೆಲಸ ಮಾಡುತ್ತದೆ ಎಂಬುದು ಗಿಯಾರ್ ಅವರ ಪ್ರತಿಪಾದನೆ. ಅಮೆರಿಕದ ರಾಬರ್ಟ್ ಸೈನ್‌ಬರ್ಗ್ ಮುಂದೆ ಇನ್ನೊಂದು ಮಾತು ಸೇರಿಸಿದರು: ಬಲಗೈಯವರ ಎಡತೋಳು ದಡ್ಡ ತೋಳಲ್ಲ, ಒಂದು ಸ್ಥಾನದಲ್ಲಿ ಸ್ಥಿರವಾಗಿ ನಿಲ್ಲಿಸುವ, ಹೊರಗಿನ ಒತ್ತಡಕ್ಕೆ ಕದಲದಂತೆ ತಡೆಯುವ ಕೆಲಸದಲ್ಲಿ ಅದಕ್ಕೆ ತನ್ನದೇ ಪರಿಣತಿ ಇದೆ.

ಇದನ್ನು ಓದಿದ ಮೇಲೆ ಮನೆಯ ಎಲ್ಲ ಕೆಲಸಗಳೂ ನನಗೆ ಬೇರೆಯಾಗಿ ಕಾಣತೊಡಗಿದವು. ಬೆಂಕಿಕಡ್ಡಿ ಗೀರುವುದು ಬಲಗೈ ಎಂದುಕೊಳ್ಳುತ್ತೇವೆ. ಕಡ್ಡಿ ಬರುವ ದಿಕ್ಕಿಗೆ ಎದುರಾಗಿ ಪೊಟ್ಟಣವನ್ನು ಓರೆಯಾಗಿ ಒಡ್ಡುವುದು ಎಡಗೈ. ಕೈ ಬದಲಿಸಿ ಗೀರಿ ನೋಡಿ, ಕಡ್ಡಿ ಮುರಿಯುವುದು ಎಡಗೈಯ ತಪ್ಪಿಗಷ್ಟೇ ಅಲ್ಲ, ಬಲಗೈ ಪೊಟ್ಟಣವನ್ನು ಹದವಾಗಿ ಒಡ್ಡದೇ ಇದ್ದುದಕ್ಕೂ. ಆಲೂಗೆಡ್ಡೆ ಸಿಪ್ಪೆ ಹೆರೆಯುವಾಗ ಗೆಡ್ಡೆಯನ್ನು ತಿರುತಿರುಗಿಸಿ ಕೊಡುವುದು ಯಾವ ಕೈ? ಹೂ ಕಟ್ಟುವಾಗ ಎಸಳು ನಲುಗದಂತೆ ಮೊಗ್ಗುಗಳನ್ನು ಹಿಡಿದಿಟ್ಟುಕೊಂಡ ಕೈ ಯಾವುದು? ವೀಣೆಯ ಮುಂದೆ ಕೂತವರನ್ನು ನೋಡಿ: ಬಲಗೈ ತಂತಿ ಮೀಟುತ್ತದೆ, ಆದರೆ ಸ್ವರವನ್ನು ಎಳೆದು, ಜಾರಿಸಿ, ಗಮಕ ಹುಟ್ಟಿಸುವುದು ಮೆಟ್ಟಿಲುಗಳ ಮೇಲೆ ಓಡಾಡುವ ಎಡಗೈ. ಎಡಗೈಗೆ ಸೂಕ್ಷ್ಮ ಕೆಲಸ ಬಾರದು ಎಂಬ ಮಾತು ಒಬ್ಬ ವೈಣಿಕರ ಮುಂದೆ ನಿಲ್ಲುವುದಿಲ್ಲ.

ಆದ್ದರಿಂದ ಈ ಸವಾಲನ್ನು ‘ಎಡಗೈ ಪಳಗಿಸುವುದು’ ಎಂದು ಕರೆದರೆ ಅರ್ಧ ಮಾತ್ರ ಹೇಳಿದಂತೆ. ಎರಡು ಕೈಗಳೂ ತಮ್ಮ ಕಸುಬನ್ನು ಅದಲುಬದಲು ಮಾಡಿಕೊಳ್ಳಬೇಕು. ಎಡಗೈ ಬರೆಯಲು ಕಲಿಯುವಾಗ ಬಲಗೈ ಹಿಡಿಯಲು ಕಲಿಯಬೇಕು. ನನ್ನ ಅನುಭವದಲ್ಲಿ ಎರಡನೆಯದೇ ನಿಧಾನ. ಯಾವಾಗಲೂ ಮುಂದಾಳಾಗಿದ್ದ ಕೈ ಅದು. ಇನ್ನೊಂದು ಕೈಯ ಅಗತ್ಯವನ್ನು ಮೊದಲೇ ಊಹಿಸಿ ಜಾಗ ಮಾಡಿಕೊಡುವ ಅಭ್ಯಾಸ ಅದಕ್ಕಿಲ್ಲ.

ಇಲ್ಲಿ ಒಂದು ವಿಷಯವನ್ನು ಒತ್ತಿ ಹೇಳಬೇಕು. ಪ್ರಪಂಚದಲ್ಲಿ ಸುಮಾರು ಹತ್ತು ಜನರಲ್ಲಿ ಒಬ್ಬರು ಹುಟ್ಟಿನಿಂದ ಎಡಗೈಯವರು. ನಮ್ಮ ಊರುಗಳಲ್ಲಿ ಅವರನ್ನು ಎಡಚ ಎನ್ನುತ್ತಾರೆ, ಉತ್ತರ ಕರ್ನಾಟಕದಲ್ಲಿ ರೊಡ್ಡ ಎನ್ನುತ್ತಾರೆ, ಎರಡರಲ್ಲೂ ಒಂದಿಷ್ಟು ಹಳಿಯುವ ಧ್ವನಿ ಇದೆ. ನಾವು ಹವ್ಯಾಸಕ್ಕೆ ಕೈಗೊಳ್ಳುವ ಈ ಸವಾಲನ್ನು ಅವರು ಹುಟ್ಟಿದಂದಿನಿಂದ ಮಾಡುತ್ತಲೇ ಬಂದಿದ್ದಾರೆ. ಊಟ ಬಲಗೈಯಲ್ಲೇ ಮಾಡಬೇಕು, ಪ್ರಸಾದ ಬಲಗೈಯಲ್ಲೇ ತೆಗೆದುಕೊಳ್ಳಬೇಕು, ಅಂಗಡಿಯವನಿಗೆ ದುಡ್ಡು ಬಲಗೈಯಲ್ಲೇ ಕೊಡಬೇಕು. ಕತ್ತರಿಯನ್ನೇ ನೋಡಿ. ಎರಡು ಅಲಗುಗಳು ಒಂದಕ್ಕೊಂದು ಉಜ್ಜಿಕೊಂಡು ಹೋದರೆ ಮಾತ್ರ ಬಟ್ಟೆ ತುಂಡಾಗುತ್ತದೆ. ಬಲಗೈ ಮುಚ್ಚುವಾಗ ಹೆಬ್ಬೆರಳಿನ ಸಹಜ ಒತ್ತಡ ಅಲಗುಗಳನ್ನು ಒಂದಕ್ಕೊಂದು ಅದುಮುತ್ತದೆ. ಅದೇ ಕತ್ತರಿಯನ್ನು ಎಡಗೈಯಲ್ಲಿ ಹಿಡಿದರೆ ಅದೇ ಒತ್ತಡ ಅಲಗುಗಳನ್ನು ದೂರ ಮಾಡುತ್ತದೆ; ಬಟ್ಟೆ ತುಂಡಾಗುವ ಬದಲು ನಡುವೆ ಮಡಚಿಕೊಳ್ಳುತ್ತದೆ. ಕತ್ತರಿಸುವ ಗೆರೆಯೂ ಅಲಗಿನ ಹಿಂದೆ ಮರೆಯಾಗುತ್ತದೆ. ಕರಕುಶಲದ ತರಗತಿಯಲ್ಲಿ ಎಡಗೈ ಮಗುವಿನ ಕಾಗದ ಹರಿದರೆ ದೋಷ ಮಗುವಿನದಲ್ಲ, ಕತ್ತರಿಯದು.

ಆ ಮಕ್ಕಳ ಗೆಣ್ಣಿಗೆ ಅಡಿಕೋಲಿನಿಂದ ಹೊಡೆದು ಬಲಗೈಗೆ ತಿರುಗಿಸುವ ಪದ್ಧತಿ ನಮ್ಮ ಶಾಲೆಗಳಲ್ಲಿ ಬಹಳ ಕಾಲ ನಡೆಯಿತು. ಮನೆಗಳಲ್ಲಿ ಈಗಲೂ ಅಲ್ಲಲ್ಲಿ ಉಂಟು. ಅದು ಅನ್ಯಾಯ. ದೊಡ್ಡವರು ತಾವಾಗಿ ಎತ್ತಿಕೊಂಡ ಪಂಥಕ್ಕೂ, ಅಕ್ಷರ ಕಲಿಯುವ ಮಗುವಿನ ಕೈಯಿಂದ ಬಳಪ ಕಿತ್ತುಕೊಳ್ಳುವುದಕ್ಕೂ ಸಂಬಂಧವೇ ಇಲ್ಲ. ಒಬ್ಬರಲ್ಲೇ ಕೆಲಸಕ್ಕೊಂದು ಕೈ ಇರುವುದೂ ಉಂಟು. ಸಚಿನ್ ತೆಂಡೂಲ್ಕರ್ ಬ್ಯಾಟು ಹಿಡಿದದ್ದು ಬಲಗೈ ಆಟಗಾರನಾಗಿ, ಸಹಿ ಹಾಕುವುದು ಎಡಗೈಯಲ್ಲಿ. ಬರೆಯುವುದರಲ್ಲಿ ಬಲಗೈಯವರಾದ ಸೌರವ್ ಗಂಗೂಲಿ ಬ್ಯಾಟು ಬೀಸಿದ್ದು ಎಡಗೈಯಲ್ಲಿ; ಅಣ್ಣನ ಎಡಗೈ ಸಲಕರಣೆಗಳನ್ನೇ ಬಳಸಲು ಹಾಗೆ ಕಲಿತರು. ಯಾವ ಕೆಲಸಕ್ಕೆ ಯಾವ ಕೈ ಎಂಬುದು ಆಯಾ ದೇಹ ಗೊತ್ತುಮಾಡಿಕೊಳ್ಳಬೇಕಾದ ಸಂಗತಿ.

ಇನ್ನು ಮಿದುಳಿನ ಮಾತು. ಬಲಗೈಯನ್ನು ಮುಖ್ಯವಾಗಿ ನಡೆಸುವುದು ಮಿದುಳಿನ ಎಡ ಅರ್ಧ, ಎಡಗೈಯನ್ನು ಬಲ ಅರ್ಧ. ಹಾಗಾಗಿ ಎಡಗೈ ಬಳಸಿದರೆ ಮಿದುಳು ಇಮ್ಮಡಿಯಾಗುತ್ತದೆ, ಕಲ್ಪನಾಶಕ್ತಿ ಹೆಚ್ಚುತ್ತದೆ, ಮರೆವು ಬರುವುದಿಲ್ಲ ಎಂದೆಲ್ಲ ಹೇಳುವವರಿದ್ದಾರೆ. ಈ ಆಸೆ ಹೊಸದಲ್ಲ. 1905ರಲ್ಲೇ ಇಂಗ್ಲೆಂಡಿನ ಜಾನ್ ಜಾಕ್ಸನ್ ಎರಡು ಕೈ, ಎರಡು ಮಿದುಳು ಎಂದು ಪುಸ್ತಕ ಬರೆದರು; ಸ್ಕೌಟ್ ಚಳವಳಿಯ ಬೇಡನ್ ಪೊವೆಲ್ ಅದಕ್ಕೆ ಮುನ್ನುಡಿ ಬರೆದರು. ಆ ಭರವಸೆ ಈಡೇರಿದ್ದಕ್ಕೆ ಗಟ್ಟಿ ಪುರಾವೆ ಬಂದಿಲ್ಲ. ಅಭ್ಯಾಸ ಮಾಡಿದ ಕೈ ಅಭ್ಯಾಸ ಮಾಡಿದ ಕೆಲಸದಲ್ಲಿ ಚುರುಕಾಗುತ್ತದೆ, ಆ ಮಟ್ಟಿಗೆ ಮಿದುಳೂ ಬದಲಾಗುತ್ತದೆ. ಇಷ್ಟನ್ನು ಧೈರ್ಯವಾಗಿ ಹೇಳಬಹುದು. ಪಾರ್ಶ್ವವಾಯು ಬಡಿದವರ ಚಿಕಿತ್ಸೆಯಲ್ಲಿ ಇದರ ದೊಡ್ಡ ಉಪಯೋಗ ಆಗಿದೆ. ಅಮೆರಿಕದ ಎಡ್ವರ್ಡ್ ಟೌಬ್ ರೂಪಿಸಿದ ಕ್ರಮದಲ್ಲಿ ಸರಿಯಿರುವ ಕೈಗೆ ದಪ್ಪ ಕೈಗವಸು ತೊಡಿಸಿ, ದುರ್ಬಲವಾದ ಕೈಯಿಂದಲೇ ದಿನದ ಬಹುಪಾಲು ಕೆಲಸ ಮಾಡಿಸುತ್ತಾರೆ. ಎಷ್ಟೋ ರೋಗಿಗಳ ಕೈ ಅಷ್ಟಿಷ್ಟು ಶಕ್ತಿ ಉಳಿದಿದ್ದರೂ ಬಳಸದೇ ಬಳಸದೇ ನಿಂತುಹೋಗಿರುತ್ತದೆ ಎಂದು ಟೌಬ್ ಕಂಡುಕೊಂಡಿದ್ದರು.

ನೀವು ಶುರುಮಾಡುವುದಾದರೆ ಚಿಲಕ, ನಲ್ಲಿ, ಹಲ್ಲುಜ್ಜುವ ಬ್ರಷ್ಷು, ಅಂಗಿಯ ಗುಂಡಿ, ಇಂಥವುಗಳಿಂದ ಶುರುಮಾಡಿ. ಕತ್ತಿ, ಈಳಿಗೆಮಣೆ, ಕಾದ ಎಣ್ಣೆ, ಗಾಡಿ ಓಡಿಸುವುದು, ಇವುಗಳ ಹತ್ತಿರ ಈ ಪ್ರಯೋಗ ಬೇಡವೇ ಬೇಡ. ಊಟದ ಪಂಕ್ತಿಯಲ್ಲಿ, ದೇವಸ್ಥಾನದಲ್ಲಿ ಹಿರಿಯರ ಮನಸ್ಸು ನೋಯಿಸುವ ಅಗತ್ಯವೂ ಇಲ್ಲ. ಬರೆಯಲು ಮೊದಲು ಸ್ಲೇಟೇ ಒಳ್ಳೆಯದು, ದೊಡ್ಡ ದೊಡ್ಡ ಅಕ್ಷರ, ಬೆರಳಿನಿಂದಲ್ಲ, ಭುಜದಿಂದ. ಕಾಗದಕ್ಕೆ ಬಂದಾಗ ಅದರ ಮೇಲ್ತುದಿ ಬಲಕ್ಕೆ ವಾಲಿರಲಿ. ಪೆನ್ನನ್ನು ಮೊನೆಯಿಂದ ಸ್ವಲ್ಪ ಮೇಲೆ ಹಿಡಿಯಿರಿ, ಬರೆದದ್ದು ಕಾಣುತ್ತದೆ. ಒಂದೇ ಸಲ ಗಂಟೆಗಟ್ಟಲೆ ಕೂರುವುದಕ್ಕಿಂತ ದಿನಾ ಸ್ವಲ್ಪ ಹೊತ್ತು ಸಾಕು. ರಾತ್ರಿಯ ನಿದ್ರೆಯಲ್ಲೂ ಕೈಯ ಪಾಠ ಗಟ್ಟಿಯಾಗುತ್ತದೆ. ಬೆರಳು ಮರಗಟ್ಟಿದರೆ, ಮಣಿಕಟ್ಟು ನೋಯತೊಡಗಿದರೆ ಅಲ್ಲಿಗೆ ನಿಲ್ಲಿಸಿ. ಹಟಕ್ಕೆ ಬಿದ್ದು ಪೆನ್ನನ್ನು ಬಿಗಿಯಾಗಿ ಹಿಡಿಯುವುದರಿಂದ ನೋವು ಬರುತ್ತದೆ, ಅಕ್ಷರ ಬರುವುದಿಲ್ಲ. ಹಾಗೆಯೇ, ಪ್ರತಿ ಸಲ ಇನ್ನೊಂದು ಕೈ ಏನು ಮಾಡುತ್ತಿದೆ ಎಂದು ನೋಡಿಕೊಳ್ಳಿ. ಕೆಲಸ ಕೆಟ್ಟ ಕಡೆಯೆಲ್ಲ ಒಮ್ಮೆ ಹಿಡಿತದ ಕಡೆ ಗಮನ ಕೊಟ್ಟರೆ ಅರ್ಧ ತೊಡಕು ಅಲ್ಲೇ ಬಿಡಿಸಿಕೊಳ್ಳುತ್ತದೆ.

ನನ್ನ ಎಡಗೈ ಬರಹವನ್ನು ಈಗ ಮನೆಯವರು ತಡವರಿಸದೆ ಓದುತ್ತಾರೆ. ಒತ್ತಕ್ಷರಗಳು ಇನ್ನೂ ಸಾಲಿನಿಂದ ಕೆಳಗೆ ಜಾರುತ್ತವೆ. ಅತ್ತೆಯ ಪ್ಲಾಸ್ಟರ್ ಬಿಚ್ಚಿ ಬಹಳ ಕಾಲವಾಯಿತು. ಅವರು ಹಬ್ಬದ ದೊಡ್ಡ ರಂಗೋಲಿಯನ್ನು ಈಗ ಎರಡೂ ಕೈಯಲ್ಲಿ ಹಾಕುತ್ತಾರೆ, ಎಡಭಾಗದ ಬಳ್ಳಿಗೆ ಬಟ್ಟಲನ್ನು ಬಲಗೈಗೆ ದಾಟಿಸಿಕೊಂಡು. ಮುಂದಿನ ಸಲ ಹೋದಾಗ ಅವರಿಂದ ಹೂ ಕಟ್ಟುವುದನ್ನು ಕಲಿಯಬೇಕೆಂದಿದ್ದೇನೆ. ಎರಡು ಕೈಯಲ್ಲಿ ಯಾವುದು ಹಿಡಿಯಬೇಕು, ಯಾವುದು ಸುತ್ತಬೇಕು ಎಂದು ಅವರೇ ಹೇಳಲಿ.